ಗಿನಿಹಂದಿಯ ಹಣೆಗಿಟ್ಟ ಕುಂಕುಮ

ಸುಮಿತ್ರಾ, ಏಳನೆಯ ವರ್ಷದಲ್ಲಿ ನಿನ್ನ ಕುತ್ತಿಗೆಗೂ ಕೈಗೂ ಹಬ್ಬಿದ್ದ ಹುಳುಕಡ್ಡಿ ನಿಮ್ಮ ಕೆಲಸದ ಸುಬ್ಬಿಯಿಂದ ಬಂದದ್ದಲ್ಲ. ಅದನ್ನು ನಿಮ್ಮ ಮನೆಗೆ ತಂದವನು ನಾನು. ಗೊತ್ತಿದ್ದೇ ತಂದೆ. ಆಮೇಲೆ ಸುಬ್ಬಿಯ ಹೆಸರು ಹೇಳಿದವನೂ ನಾನೇ — ಅದನ್ನೂ ಗೊತ್ತಿದ್ದೇ ಹೇಳಿದೆ.

ಇಷ್ಟು ಬರೆಯುವುದಕ್ಕೆ ಇಪ್ಪತ್ತೈದು ವರ್ಷ ಹಿಡಿಯಿತು. ನೀನು ನನ್ನನ್ನು ಇಂದಿಗೂ ‘ಕಂಪೌಂಡರ್ ಮಾಮ’ ಎಂದೇ ಕರೆಯುತ್ತೀಯ. ಈ ಕಾಗದ ಮುಗಿಯುವ ಹೊತ್ತಿಗೆ ಹಾಗೆ ಕರೆಯುವ ಮನಸ್ಸು ನಿನಗೆ ಉಳಿಯಲಿಕ್ಕಿಲ್ಲ. ಉಳಿಯಬೇಕೆಂದು ನಾನೂ ಕೇಳುತ್ತಿಲ್ಲ.

ಆಗ ನಾನು ಕಾರವಾರದ ಒಂದು ದವಾಖಾನೆಯಲ್ಲಿ ಔಷಧಿ ಕಲಸುವ ಹಂಗಾಮಿ ಕೆಲಸದಲ್ಲಿದ್ದೆ. ಕೆಲಸ ಕಾಯಂ ಆಗಲು ದೊಡ್ಡವರ ಮಾತು ಬೇಕಿತ್ತು. ನಿನ್ನ ಅಪ್ಪ ಊರಿನ ದೊಡ್ಡ ವಕೀಲರು; ಅವರ ಒಂದು ಚೀಟಿ ಸಾಕಿತ್ತು. ಅವರ ಒಬ್ಬಳೇ ಮಗಳಿಗೆ ಏನಾದರೂ ಅಪರೂಪದ್ದು ಕೊಟ್ಟರೆ ಅವರ ಕಣ್ಣಿಗೆ ಬಿದ್ದೇನು ಎಂದು ಲೆಕ್ಕ ಹಾಕಿದೆ. ಮುಂಬಯಿಗೆ ಕಡಲಲ್ಲಿ ಹೋಗಿಬರುವ ಆಗಬೋಟಿನಲ್ಲಿ ಅಡಿಗೆಯವನಾಗಿದ್ದ ನನ್ನ ಪರಿಚಯದವನೊಬ್ಬ ಎರಡು ಗಿನಿಹಂದಿಗಳನ್ನು ತಂದುಕೊಟ್ಟ. ಒಂದು ಕಂದು, ಒಂದು ಬಿಳಿ. ಊರಿನವರು ಅವಕ್ಕೆ ವಿಲಾಯತಿ ಇಲಿ ಎಂದರು.

ಬಿಳಿಯದರ ಮೂಗಿನ ಮೇಲೆ ಒಂದು ಬೋಳು ಕಲೆ ಇತ್ತು. ದುಂಡಗೆ, ಅಂಚು ಕೆಂಪಗೆ, ನಡುವೆ ಬೂದಿಯಂಥ ಹೊಟ್ಟು. ಸುತ್ತಲಿನ ಕೂದಲು ಬುಡದಲ್ಲೇ ತುಂಡಾಗಿತ್ತು. ಹೇನೋ ಕಜ್ಜಿಯೋ ಆಗಿದ್ದರೆ ಪ್ರಾಣಿ ಕೆರೆದು ಕೆರೆದು ಕಿರುಚುತ್ತಿತ್ತು. ಇದು ಸುಮ್ಮನೆ ಕೂತಿತ್ತು. ಹುಳುಕಡ್ಡಿಯೆಂದು ನೋಡಿದ ಕೂಡಲೇ ತಿಳಿಯಿತು, ಮುಟ್ಟಿದವರಿಗೆ ಹತ್ತುತ್ತದೆ ಎಂಬುದೂ ತಿಳಿದಿತ್ತು. ಒಂದು ತಿಂಗಳು ಇಟ್ಟುಕೊಂಡು ವಾಸಿ ಮಾಡಿ ಕೊಡಬಹುದಿತ್ತು. ಆದರೆ ನಾಳೆಯೇ ನಿನ್ನ ಹುಟ್ಟುಹಬ್ಬ — ಅಂಥ ದಿನ ಮತ್ತೆ ಯಾವಾಗ ಸಿಗುತ್ತದೆ?

ಹೊಸ ಹಸು ಮನೆಗೆ ಬಂದರೆ ಹಣೆಗೆ ಅರಿಶಿನ ಕುಂಕುಮ ಹಚ್ಚುತ್ತೇವಲ್ಲ, ಅದು ನೆನಪಾಯಿತು. ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ ಬಿಳಿಯದರ ಮೂಗಿನಿಂದ ಹಣೆಯವರೆಗೆ ದಪ್ಪಗೆ ಬಳಿದೆ. ಅದರ ಮೇಲೆ ಕುಂಕುಮ ಒತ್ತಿದೆ. ಕಲೆ ಕಾಣಲಿಲ್ಲ. ಅನುಮಾನ ಬರಬಾರದೆಂದು ಕಂದು ಬಣ್ಣದ್ದಕ್ಕೂ ಹಚ್ಚಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

“ಹಸುವಿಗೆ ಇಟ್ಟ ಹಾಗೆ ಕುಂಕುಮ ಇಟ್ಟು ತಂದೀರಲ್ಲ, ಬಹಳ ಚಂದ ಮಾಡಿದ್ರಿ,” ಎಂದರು ನಿನ್ನ ತಾಯಿ. ನೀನು ಬಿಳಿಯದನ್ನು ಎತ್ತಿ ಕುತ್ತಿಗೆಗೆ ಒತ್ತಿಕೊಂಡೆ. ಮೋತಿ ಎಂದು ಹೆಸರಿಟ್ಟೆ. ನಾನು ನಿಂತು ನೋಡಿದೆ.

ಸುಬ್ಬಿ ಅಂಕೋಲೆಯ ಕಡೆಯವಳು, ಬೇಲೆಕೇರಿಯ ಹತ್ತಿರದ ಹಳ್ಳಿ. ಕರನಿರಾಕರಣೆಯಲ್ಲಿ ಅವರ ಗದ್ದೆ ಜಪ್ತಿಯಾಗಿ, ಗಂಡ ಜೈಲಿನಲ್ಲಿದ್ದ. ಎರಡು ವರ್ಷದ ಮಗನನ್ನು ಕಟ್ಟಿಕೊಂಡು ನಿಮ್ಮ ಹಿತ್ತಿಲ ಕೆಲಸಕ್ಕೆ ಬಂದಿದ್ದಳು. ನಿಮ್ಮ ಹಿಂದಿನ ಚಾವಡಿಯಲ್ಲಿ ಸಿಗುತ್ತಿದ್ದ ಗಂಜಿಯೇ ಆ ಇಬ್ಬರ ಊಟ, ಬೇರೆ ದಾರಿ ಇರಲಿಲ್ಲ. ಪ್ರಾಣಿಗಳ ಗೂಡನ್ನೂ ಅದೇ ಚಾವಡಿಯಲ್ಲಿ ಇಟ್ಟರು, ಒಳಗೆ ಮಡಿ. ಹುಲ್ಲು ಕೊಯ್ದು ಹಾಕುವುದು, ಗೂಡು ತೊಳೆಯುವುದು ಅವಳ ಪಾಲಿಗೆ ಬಂತು.

ಮೂರನೆಯ ದಿನ ನಾನು ‘ಪ್ರಾಣಿಗಳು ಹೇಗಿವೆ’ ಎಂದು ನೋಡುವ ನೆಪದಲ್ಲಿ ಮುಲಾಮು ಹಿಡಿದು ಬಂದೆ. ಕುಂಕುಮ ಅಷ್ಟರಲ್ಲಿ ಉದುರಿತ್ತು.

“ದಾಕ್ತರೇ, ಕುಂಕುಮದ ಅಡಿಗೆ ಹುಳುಕಡ್ಡಿ ಅದೆ,” ಎಂದಳು ಸುಬ್ಬಿ. ನನ್ನನ್ನು ಡಾಕ್ಟರೆಂದು ಕರೆಯುತ್ತಿದ್ದವಳು ಅವಳೊಬ್ಬಳೇ. “ಮಗೀನ ಕೈಗೆ ಕೊಡಬೇಡಿ ಅಂದೇಳಿ ಬಾಯೋರ್ಗೆ ಒಂದು ಮಾತು ಹೇಳಿ.”

ನಿನ್ನ ತಾಯಿಗೆ ಹೇಳಿದರೆ ಏಕೆ ಎಂದು ಕೇಳುತ್ತಾರೆ. ಯಾರಿಗೂ ಹೇಳಬೇಡ, ನನ್ನ ಕೆಲಸ ಹೋಗುತ್ತದೆ ಎಂದು ಅವಳನ್ನು ಬೇಡಿಕೊಂಡೆ. ಅವಳು ಕೈಯಲ್ಲಿದ್ದ ಹುಲ್ಲನ್ನು ಗೂಡಿಗೆ ಹಾಕಿದಳು.

“ನಾ ಹೇಳೂದಿಲ್ಲ. ಕೆಲ್ಸ ಹೋದ್ರೆ ಹ್ಯಾಂಗಾತದೆ ಅಂತ ನಂಗೆ ಗೊತ್ತದೆ.”

ನನ್ನ ಮುಲಾಮನ್ನು ಮೋತಿ ನೆಕ್ಕಿತು. ಎರಡು ದಿನ ಹುಲ್ಲು ಬಿಟ್ಟು ಮುದುರಿ ಕೂತಿತು. ಸುಬ್ಬಿ ಆ ಮುಲಾಮನ್ನು ಒರೆಸಿ ತೆಗೆದು, ತಗಟೆಯ ಬೀಜವನ್ನು ಹುಳಿ ಮಜ್ಜಿಗೆಯಲ್ಲಿ ಅರೆದು ತೆಳ್ಳಗೆ ಹಚ್ಚತೊಡಗಿದಳು. ನಿಮ್ಮ ಮನೆಯಲ್ಲಿ ಮಳೆಗಾಲಕ್ಕೆ ಪಲ್ಯ ಮಾಡುವ ತಾಯ್ಕಿಳೊ ಸೊಪ್ಪಿನದೇ ಬೀಜ. ಒಣಗುವವರೆಗೆ ಪ್ರಾಣಿಯನ್ನು ಮಡಿಲಲ್ಲಿ ಹಿಡಿದು ಕೂರುತ್ತಿದ್ದಳು. ಗೂಡಿನ ಹುಲ್ಲನ್ನು ದಿನವೂ ಸುಡುತ್ತಿದ್ದಳು. ಅಂಟುವಾಳದಲ್ಲಿ ಕೈ ತೊಳೆಯದೆ ಮಗನನ್ನು ಮುಟ್ಟುತ್ತಿರಲಿಲ್ಲ. ಹದಿನೈದು ದಿನದಲ್ಲಿ ಕಲೆಯ ನಡುವೆ ಹೊಸ ಕೂದಲು ಚಿಗುರಿತು. ಅವಳಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ — ಅದೂ ನನಗೆ ಚುಚ್ಚಿತೇನೋ. ಅವಳ ಹೆಸರು ಹೇಳಿದ್ದಕ್ಕೆ ಈಗ ಕಾರಣ ಹುಡುಕಿದರೆ ಅದೂ ಸಿಗುತ್ತದೆ.

ಅಷ್ಟರಲ್ಲಿ ನಿನ್ನ ಕುತ್ತಿಗೆಯಲ್ಲಿ ಕೆಂಪು ಉಂಗುರ ಎದ್ದಿತು. ಆಮೇಲೆ ಕೈಯಲ್ಲಿ ಮೂರು. ವಕೀಲರು ನನ್ನನ್ನು ಕರೆಸಿದರು. ನಿನ್ನ ತಾಯಿ ಅಳುತ್ತಿದ್ದರು. ಚಾವಡಿಯ ಅಂಚಿನಲ್ಲಿ ಸುಬ್ಬಿ ಮಗನನ್ನು ಎತ್ತಿಕೊಂಡು ನಿಂತಿದ್ದಳು. ಆ ಮಗುವಿನ ಬೆರಳುಗಳ ಸಂದಿಯಲ್ಲಿ ಕಜ್ಜಿ ಇತ್ತು.

“ಇದು ಎಲ್ಲಿಂದ ಬಂತು?” ಎಂದು ವಕೀಲರು ಕೇಳಿದರು.

ಕಜ್ಜಿಯೇ ಬೇರೆ, ಹುಳುಕಡ್ಡಿಯೇ ಬೇರೆ. ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ. ದವಾಖಾನೆಯಲ್ಲಿ ಬಾಟಲಿ ತೊಳೆಯುವವನಿಗೂ ಗೊತ್ತಿರುವ ಮಾತು. ನಾನು ಆ ಮಗುವಿನ ಕೈಯತ್ತ ಬೆರಳು ಮಾಡಿದೆ.

“ಅಲ್ಲಿಂದ. ಇವಳ ಕೈಯಿಂದಲೇ ಪ್ರಾಣಿಗೂ ಹತ್ತಿದೆ. ಅದರ ಮೇಲೆ ಏನೋ ಬೀಜ ಅರೆದು ಬೇರೆ ಹಚ್ಚಿದ್ದಾಳೆ, ನೋಡಿ.”

ಅವಳು ನನ್ನತ್ತ ತಿರುಗಿದಳು. ಈಗ ಹೇಳುತ್ತಾಳೆ ಎಂದುಕೊಂಡೆ. ಕುಂಕುಮದ ಕತೆ ಹೇಳಲಿ, ನಾನು ಅಲ್ಲವೆನ್ನುತ್ತೇನೆ, ಯಾರ ಮಾತು ನಡೆಯುತ್ತದೋ ನೋಡೋಣ — ಹೌದು, ಅಷ್ಟಕ್ಕೂ ಸಿದ್ಧನಾಗಿದ್ದೆ. ಅವಳು ಹೇಳಲಿಲ್ಲ. ಕೊಟ್ಟ ಮಾತಿಗೋ, ಹೇಳಿ ಪ್ರಯೋಜನವಿಲ್ಲವೆಂದೋ… ಅದನ್ನು ಅವಳನ್ನೇ ಕೇಳಬೇಕಿತ್ತು.

ಆವತ್ತೇ ಅವಳನ್ನು ಕಳಿಸಿದರು. ಅವಳ ಗಂಜಿಯ ಮಡಕೆ ಒಡೆದು ಹಾಕಿದರು. ಗೇಟಿನ ಹೊರಗೆ ನಾನು ಎದುರಾದಾಗ ಅವಳು ಸೊಂಟದಿಂದ ಎಲೆಯ ಪೊಟ್ಟಣ ತೆಗೆದು ಕೊಟ್ಟಳು. ತಗಟೆಯ ಬೀಜ.

“ಇನ್ನೂ ಎಂಟು ದಿವ್ಸ ಹಚ್ಚೂಕೆ ಬೇಕು, ದಾಕ್ತರೇ. ಕೂದ್ಲು ಬಂತು ಅಂದೇಳಿ ಬಿಡಬೇಡಿ.”

ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ. ಅವಳು ಮಗನನ್ನು ಸೊಂಟಕ್ಕೇರಿಸಿ ಊರಂಚಿನ ಬಿಣಗಾದ ದಾರಿ ಹಿಡಿದಳು. ನಾನು ಪೊಟ್ಟಣವನ್ನು ಗಟಾರಕ್ಕೆ ಎಸೆದೆ.

ಗೂಡನ್ನು ಫಿನಾಯಿಲಿನಲ್ಲಿ ತೊಳೆಸಿದರು. ಒದ್ದೆ ಹಲಗೆಯ ಮೇಲೆ, ಹಸಿ ಹುಲ್ಲು ಹಾಕುವವರಿಲ್ಲದೆ, ಎರಡೂ ಪ್ರಾಣಿಗಳು ಒಂದು ತಿಂಗಳೊಳಗೆ ಸತ್ತವು. ಸುಬ್ಬಿಯ ಶಾಪ ಎಂದು ಮನೆಯವರು ನಿನಗೆ ಹೇಳಿದರು. ನಿನ್ನ ಉಂಗುರಗಳನ್ನು ನಾನು ದಿನವೂ ಬಂದು ವಾಸಿ ಮಾಡಿದೆ. ವಕೀಲರು ಚೀಟಿ ಬರೆದುಕೊಟ್ಟರು. ಆ ಚೀಟಿಯ ಅನ್ನವನ್ನೇ ಇವತ್ತಿನವರೆಗೂ ಉಂಡಿದ್ದೇನೆ.

‘ರೋಗದವಳು’ ಎಂಬ ಹೆಸರು ಸುಬ್ಬಿಗಿಂತ ಮುಂದೆ ನಡೆಯಿತು. ಕಾರವಾರದಲ್ಲಿ ಯಾವ ಮನೆಯೂ ಅವಳನ್ನು ಸೇರಿಸಲಿಲ್ಲ. ಎರಡು ವರ್ಷದ ಮೇಲೆ ಅಂಕೋಲೆಯಲ್ಲಿ ಅವಳ ಊರಿನವನೊಬ್ಬ ಸಿಕ್ಕಿದ. ಮಗು ಆ ಮಳೆಗಾಲ ದಾಟಲಿಲ್ಲವಂತೆ. ಹಸಿವೋ ಜ್ವರವೋ ಅವನಿಗೆ ಗೊತ್ತಿರಲಿಲ್ಲ. ಗಂಡ ಜೈಲಿನಿಂದ ಬಂದ ಮೇಲೆ ಇಬ್ಬರೂ ಘಟ್ಟ ಹತ್ತಿ ಹೋದರಂತೆ. ಎಲ್ಲಿಗೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೋಗಬೇಕಾಗುತ್ತಿತ್ತು.

ಮೊನ್ನೆ ನಿನ್ನ ಮನೆಗೆ ಬಂದಿದ್ದೆನಲ್ಲ. ನಿಮ್ಮ ಹಿತ್ತಿಲ ಕೆಲಸದ ಹೆಂಗಸು ಹಿಂದಿನ ಜಗಲಿಯಲ್ಲಿ ಕರಟದಲ್ಲಿ ಚಹಾ ಕುಡಿಯುತ್ತಿದ್ದಳು. ಮಗು ಅವಳತ್ತ ಓಡಿದಾಗ ನೀನು ಎಳೆದುಕೊಂಡು ಹೇಳಿದೆ — “ಇವರನ್ನು ಮುಟ್ಟಬಾರದು. ನಾನು ಸಣ್ಣವಳಿರುವಾಗ ಸುಬ್ಬಿಯಿಂದ ಏನಾಯ್ತು ಅಂತ ಮಾಮನ್ನ ಕೇಳು.” ಮಗು ನನ್ನ ಮುಖ ನೋಡಿತು. ನಾನು ತಲೆಯಾಡಿಸಿದೆ, ಸುಮಿತ್ರಾ. ಇಷ್ಟು ವರ್ಷದ ಮೇಲೆ, ಯಾವ ಕೆಲಸವೂ ಕಾಯಂ ಆಗಬೇಕಾಗಿಲ್ಲದ ಈ ವಯಸ್ಸಿನಲ್ಲಿ, ಮತ್ತೆ ತಲೆಯಾಡಿಸಿದೆ.

ಆ ಹೆಂಗಸು ಕೇಳಿಸಿಕೊಂಡಳು. ಅವಳ ಹೆಸರೇನೆಂದು ನನಗೆ ಗೊತ್ತಿಲ್ಲ.

ನಾಳೆ ಸಂಜೆ ನಾನೇ ಈ ಕಾಗದ ಹಿಡಿದು ಬರುತ್ತೇನೆ. ಹಿಂದಿನ ಬಾಗಿಲಿನಿಂದ ಬರುತ್ತೇನೆ. ಜಗಲಿಯಲ್ಲಿ ಆ ಹೆಂಗಸಿನ ಜೊತೆ ಕೂತು, ಅವಳಿಗೂ ನಿನ್ನ ಮಗುವಿಗೂ ಕೇಳುವ ಹಾಗೆ ಮೊದಲಿನಿಂದ ಓದುತ್ತೇನೆ. ಓದಿ ಮುಗಿದ ಮೇಲೆ, ನಮ್ಮಿಬ್ಬರಲ್ಲಿ ಯಾರನ್ನು ಒಳಗೆ ಕರೆಯಬೇಕೆಂದು ನೀನೇ ನೋಡು.