ಕೋರ್ಟಿನ ಬಾಗಿಲಲ್ಲಿ ಕೂಗುತ್ತಿದ್ದವರು

ನಮ್ಮ ಯಜಮಾನರು ಕೋರ್ಟಿನಲ್ಲಿ ಕೂಗುವ ಕೆಲಸದಲ್ಲಿದ್ದರು. ಯಾರ ಕೇಸು ಬಂತೋ ಅವರನ್ನು ಬಾಗಿಲಲ್ಲಿ ನಿಂತು ಮೂರು ಸಲ ಕರೆಯಬೇಕು. ಮೂರನೇ ಕೂಗಿಗೂ ಬರದವನ ಮೇಲೆ ವಾರಂಟು, ಆಮೇಲೆ ಜೈಲು. ಗಂಟಲು ಅಂದರೆ ಅದು ಗಂಟಲು! ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯಾಕೆ ತಂದುಕೊಡುತ್ತಿದ್ದಳು. ಗುಟ್ಟು ಹೇಳಲು ಹತ್ತಿರ ಬಂದರೆ ನಾನು ಮೊದಲು ಕಿಟಕಿ ಮುಚ್ಚುತ್ತಿದ್ದೆ.

ಆ ಕೋರ್ಟಿನಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಹೆಸರು ಹಿಡಿದು ಕರೆದರೆ ಅದೇ ಹೆಸರಿನ ನಾಲ್ಕು ಜನ ಎದ್ದು ಬರುತ್ತಾರೆಂದು ಆರೋಪ ಹಿಡಿದೇ ಕರೆಯುವುದು. "ಸೈಕಲ್ ಕಳ್ಳ ಬಾರೋ!" "ಬೇಲಿ ಮುರಿದೋನೇ ಬಾರೋ!" ನಮ್ಮ ಮಾವನವರೂ ಅದೇ ಹೊಸ್ತಿಲಲ್ಲಿ ನಿಂತು ಹೀಗೇ ಕೂಗಿದವರು.

ಒಂದು ದಿನ ಇವರು ಮುಖ ಸಣ್ಣದು ಮಾಡಿಕೊಂಡು ಬಂದರು. ನಮ್ಮ ದೇಶ ಬೇರೆ ದೇಶಗಳ ಜೊತೆ ಕೂತು ಒಪ್ಪಂದಕ್ಕೆ ಸಹಿ ಹಾಕಿದೆಯಂತೆ. ತಪ್ಪು ಸಾಬೀತಾಗುವ ತನಕ ಯಾರನ್ನೂ ಕಳ್ಳ ಅನ್ನುವಂತಿಲ್ಲ, ಮರ್ಯಾದೆಯಿಂದ ಕರೆಯಬೇಕು. ಅದನ್ನು ನೋಡಲು ಹೊರದೇಶದವರೂ ಬರುತ್ತಾರಂತೆ. ಬಾಯಿ ತಪ್ಪಿದರೆ ಕೆಲಸ ಹೋಗುತ್ತದೆಂದು ಹೆಡ್ ಗುಮಾಸ್ತರು ಹೆದರಿಸಿದ್ದರು.

"ಕಳ್ಳನಿಗೂ ಶ್ರೀಮಾನ್ ಅನ್ಬೇಕಂತೆ ಕಣೇ!"

"ಅನ್ನಿ. ನಂಗೂ ಒಂದ್ಸಲ ಶ್ರೀಮತಿಯವರೇ ಅಂದು ನೋಡಿ, ಅಭ್ಯಾಸ ಆಗುತ್ತೆ."

"ನೀನೇನು ಕದ್ದಿದೀಯ?"

ಆ ಹೊರದೇಶದವರು ಬಂದ ದಿನ ನಾನು ಬುತ್ತಿ ತೆಗೆದುಕೊಂಡು ಹೋಗಿ ವರಾಂಡದ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಕೋಳಿ ಕಳ್ಳ. ಕೋಳಿ ಕಳೆದುಕೊಂಡವನು ಸತ್ತೇ ಹೋಗಿದ್ದ, ಕೇಸು ಮಾತ್ರ ಬದುಕಿತ್ತು. ಈ ಮುದುಕಪ್ಪ ವರ್ಷಗಟ್ಟಲೆ ಒಂದು ವಾಯಿದೆಯನ್ನೂ ತಪ್ಪಿಸದೆ ಬಂದಿದ್ದ.

ಇವರು ಹೊಸ್ತಿಲಿಗೆ ಬಂದು, ಅವನ ಅಪ್ಪನ ಹೆಸರು, ಅವನ ಹೆಸರು ಎಲ್ಲ ಸೇರಿಸಿ, "ಶ್ರೀಮಾನ್ ಅವರು ದಯಮಾಡಿಸಬೇಕು!" ಎಂದರು. ಮುದುಕಪ್ಪ ಪಂಚೆ ಸರಿಮಾಡಿಕೊಂಡು, ಯಾವ ದೊಡ್ಡ ಮನುಷ್ಯರು ಬರುತ್ತಾರೋ ಎಂದು ಗೇಟಿನ ಕಡೆ ನೋಡಿದ.

"ಅಣ್ಣ, ನಿಮ್ಮನ್ನೇ ಕರೀತಿರೋದು," ಎಂದೆ.

"ಸುಮ್ನಿರಮ್ಮ. ನಂಗ್ಯಾರು ಹಂಗೆ ಕರೀತಾರೆ? ನನ್ನ ಹೆಸರಿನೋರು ಬೇರೆ ಯಾರೋ ಇರ್ಬೇಕು."

ಎರಡನೇ ಕೂಗು ಆಯಿತು. ಇವರು ಅವನನ್ನೇ ದುರುಗುಟ್ಟಿ ನೋಡಿದರು, ಕಣ್ಣು ಹೊಡೆದರು, ತಲೆ ಅಲ್ಲಾಡಿಸಿ ಕರೆದರು. ಅವನೂ ಪಾಪ ನಕ್ಕು ಕೈಮುಗಿದ. ಒಳಗೆ ಗುಮಾಸ್ತರು ವಾರಂಟಿಗೆ ಪೆನ್ನು ತೆಗೆದರು. ಇನ್ನೊಂದು ಕೂಗಾದರೆ ಮುದುಕಪ್ಪನಿಗೆ ಜೈಲು. 'ಕೋಳಿ ಕಳ್ಳ' ಎಂದರೆ ನಮ್ಮ ಒಲೆ ಆರುತ್ತದೆ.

ಕೂಗುವವನು ಹೊಸ್ತಿಲು ದಾಟಬಾರದು ಎಂಬುದೂ ಅಲ್ಲಿಯ ಪದ್ಧತಿಯೇ. ಇವರು ದಾಟಿದರು. ಬಂದು ಅವನ ರಟ್ಟೆ ಹಿಡಿದರು. "ಬನ್ನಿ ಸ್ವಾಮಿ, ತಾವೇ."

ಮುದುಕಪ್ಪ ಬೆಂಚಿನ ಕಾಲು ತಬ್ಬಿಕೊಂಡ. "ಅಯ್ಯಯ್ಯೋ! ಇಷ್ಟು ಮರ್ಯಾದೆ ಕೊಡ್ತಿದೀರ ಅಂದ್ರೆ ಗಲ್ಲಿಗೇ ಹಾಕ್ತೀರ! ಒಂದು ಕೋಳಿಗೆ ಗಲ್ಲಾ? ಹಳೇ ಥರಾನೇ ಒಂದ್ಸಲ ಕರೆಯಪ್ಪಾ, ಧೈರ್ಯ ಬರುತ್ತೆ."

ಇವರು ಅತ್ತಿತ್ತ ನೋಡಿ, ಬಗ್ಗಿ ಅವನ ಕಿವಿಯಲ್ಲಿ ಗುಟ್ಟಾಗಿ ಹೇಳಿದರು: "ಬಾರೋ ಕೋಳಿ ಕಳ್ಳ!"

ಗುಟ್ಟು! ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಒಳಗೆ ಕೂತಿದ್ದ ಹೊರದೇಶದಾಕೆ, ಇವರು ಏನು ಹೇಳಿದರೆಂದು ಕೇಳಿದಳಂತೆ. ದುಭಾಷಿ ಬೆವರು ಒರೆಸಿಕೊಂಡು, "ಇದು ನಮ್ಮ ಹಳೇ ಕಾಲದ ಸ್ವಾಗತ" ಎಂದನಂತೆ. ಆಕೆ ಮೆಚ್ಚಿ ಬರೆದುಕೊಂಡಳಂತೆ.

ಜಡ್ಜರಿಗೆ ಮಾತ್ರ ದುಭಾಷಿ ಬೇಕಿರಲಿಲ್ಲ. ಮುದುಕಪ್ಪನ ಕೇಸು ತಿರುವಿ ನೋಡಿದರು. ಸಾಕ್ಷಿ ಇಲ್ಲ, ದೂರು ಕೊಟ್ಟವನೂ ಇಲ್ಲ. ಅಲ್ಲೇ ಬಿಡುಗಡೆ ಮಾಡಿ ಇವರ ಕಡೆ ತಿರುಗಿದರು.

"ಏನಯ್ಯಾ, ಇವರು ಕಳ್ಳ ಅಂತ ಯಾರು ಸಾಬೀತು ಮಾಡಿದ್ದು?"

"ಯಾರೂ ಇಲ್ಲ ಸ್ವಾಮಿ."

"ಇಷ್ಟು ವರ್ಷ ಊರಿಗೆಲ್ಲ ಕೇಳೋ ಹಾಗೆ ಕಳ್ಳ ಅಂದೆಯಲ್ಲ, ಈಗ ಇವರು ಕಳ್ಳ ಅಲ್ಲ ಅಂತ ಅಷ್ಟೇ ಜೋರಾಗಿ ಕೂಗು. ಅದೇ ನಿನಗೆ ಶಿಕ್ಷೆ."

ಇವರು ವರಾಂಡಕ್ಕೆ ಬಂದು ಕೂಗಿದರು. ಮುದುಕಪ್ಪ ತಲೆ ಎತ್ತಿ, ಕಣ್ಣು ಮುಚ್ಚಿ ಕೇಳಿಸಿಕೊಂಡ. ಮುಗಿದ ಮೇಲೆ ಇವರ ಅಂಗಿ ಹಿಡಿದು ಕೇಳಿದ: "ನಮ್ಮ ಬೀದಿಗೂ ಬರ್ತೀಯೇನಪ್ಪ? ಸೊಸೆ ಮನೆಯೋರು ಅಲ್ಲೇ ಇರೋದು."

ಸಂಜೆ ಇವರು ಮನೆಗೆ ಬಂದಾಗ ಗಂಟಲು ಪೂರಾ ಬಿದ್ದುಹೋಗಿತ್ತು. ಏನಾಯಿತು ಎಂದೆ. ಎರಡೂ ಕೈ ಅಗಲಿಸಿ ತೋರಿಸಿದರು: ಸೊಸೆಯ ಕಡೆಯವರು ಬಹಳ ಜನ.