ಹಾಲು ಕುಡಿದವರ ಬೆರಳು

ತಂಗೆರಾಂಗ್‌ನ ಬೂಟಿನ ಕಾರ್ಖಾನೆಯಲ್ಲಿ ವಾರ್ತಿನಾ ಹನ್ನೊಂದು ವರ್ಷ ಅಟ್ಟೆಗೆ ಅಂಟು ಬಳಿದಳು. ಅಂಟಿನ ವಿಷವನ್ನು ಹಾಲು ತೊಳೆಯುತ್ತದೆಂದು ಅಲ್ಲಿ ಎಲ್ಲರೂ ನಂಬಿದ್ದರು. ಕಾರ್ಖಾನೆಯವರು ದಿನಕ್ಕೊಂದು ಹಾಲಿನ ಪೊಟ್ಟಣ ಹಂಚುತ್ತಿದ್ದರು. ಘಾಟು ಹೊರಹಾಕುವ ಫ್ಯಾನು ಮಾತ್ರ ಹಾಕಿಸಲಿಲ್ಲ. ವಾರ್ತಿನಾಳೂ ನಂಬಿಯೇ ಕುಡಿದಳು. ಬೆರಳು ಜೋಮು ಹಿಡಿದು, ಅಂಗಿಯ ಗುಂಡಿ ಹಾಕಲು ಮಗಳನ್ನು ಕರೆಯುವಂತಾದಾಗ ಆ ನಂಬಿಕೆ ಹೋಯಿತು.

ಕಾರ್ಖಾನೆಯ ಡಾಕ್ಟರು ಚೀಟಿಯಲ್ಲಿ ಸಕ್ಕರೆ ಕಾಯಿಲೆ ಎಂದು ಬರೆದರು. ಅದಕ್ಕೆ ಅವಳು ಸಹಿ ಹಾಕಿದರೆ ಕಾರ್ಖಾನೆಯ ಹೊಣೆ ಮುಗಿಯಿತು, ಅವಳ ಕೆಲಸವೂ ಮುಗಿಯಿತು.

"ನಮ್ಮ ಸಾಲಲ್ಲಿ ಇನ್ನೂ ಒಂಬತ್ತು ಜನಕ್ಕೆ ಬೆರಳು ಸತ್ತಿದೆ, ಡಾಕ್ಟ್ರೇ. ಎಲ್ಲರಿಗೂ ಸಕ್ಕರೆ ಕಾಯ್ಲೆನಾ?"

ಪಕ್ಕದಲ್ಲಿದ್ದ ಮೇಲ್ವಿಚಾರಕ ಗುನಾರ್ಸೊ ನಕ್ಕ. "ಹಾಲು ನೀವೆಲ್ಲಿ ಕುಡೀತೀರಕ್ಕ, ಮನೆಗೆ ಒಯ್ದು ಮಕ್ಕಳಿಗೆ ಕೊಡ್ತೀರ."

"ಅಷ್ಟು ನಂಬ್ಕೆ ಇದ್ರೆ ಆ ಹಾಲು ನೀನೇ ಕುಡ್ಕೊಂಡು, ನನ್ನ ಜಾಗದಲ್ಲಿ ಒಂದು ವರ್ಷ ಅಂಟು ಬಳಿಯಪ್ಪ."

ವಾರ್ತಿನಾ ಸಹಿ ಹಾಕದೆ ಎದ್ದಳು. ಮರುದಿನ ಬೆಳಗ್ಗೆ ಆ ಒಂಬತ್ತು ಜನರೂ ಅವಳ ಜೊತೆ ಗೇಟಿನಲ್ಲಿ ಕೂತರು. ಹೊರಗಿನ ಡಾಕ್ಟರು ಬಂದು ಹತ್ತು ಜನರ ಕೈಯನ್ನೂ ನೋಡುವವರೆಗೆ ಅಲ್ಲಿಂದ ಏಳುವುದಿಲ್ಲ ಎಂದರು.