ಹುಲಿಗಿಯ ಹೊಳೆಗೆ ಬಿಟ್ಟ ದನಿ

ಮೀರಾಬಾಯಿಯವರ ಹಾಡಿನ ಡಿಸ್ಕನ್ನು ಮಂಗ ಒಯ್ದಿರಲಿಲ್ಲ. ಅದನ್ನು ಹೊಳೆಗೆ ಬಿಟ್ಟವಳು ನಾನು.

ಹದಿನೇಳು ವರ್ಷ ಈ ಮಾತನ್ನು ಗಂಡನಿಗೂ ಹೇಳಿರಲಿಲ್ಲ. ಗೊತ್ತಿದ್ದವರು ನಮ್ಮ ಅತ್ತೆ ಒಬ್ಬರೇ, ಅವರೂ ಹೋಗಿಬಿಟ್ಟರು. ದಿನಾ ಸಂಜೆ ದೀಪ ಹಚ್ಚಿ ಕೂತು, ಆ ದಿನ ಹುಲಿಗಿಯ ತಾಯಿ ಹುಲಿಗೆಮ್ಮ ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ರೂಢಿ — ಹಾಲು ಒಡೆಯಲಿಲ್ಲ, ಮಗಳ ಕೆಮ್ಮು ಇಳಿಯಿತು, ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಆದರೆ ಪ್ರತಿ ಸಲ ಕೊನೆಯ ಬೆರಳಿಗೆ ಬಂದಾಗ ಈ ಸಂಗತಿ ಅಡ್ಡ ಬಂದು ನಿಲ್ಲುತ್ತಿತ್ತು. ಎಣಿಕೆ ಅಲ್ಲಿಗೇ ಬಿಟ್ಟು ಏಳುತ್ತಿದ್ದೆ.

ಆಗ ನಾವು ಹೊಳೆಯ ನಡುವಿನ ವಿರೂಪಾಪುರಗಡ್ಡೆಯಲ್ಲಿದ್ದೆವು. ಮನೆಯ ಹಿಂದೆ ಭತ್ತದ ಗದ್ದೆ, ಮುಂದೆ ಹೊಳೆ, ಪಕ್ಕದಲ್ಲಿ ಪರದೇಶದವರಿಗೆ ಬಾಡಿಗೆಗೆ ಕೊಡುತ್ತಿದ್ದ ಎರಡು ಕೋಣೆ. ಪ್ರತಿ ಚಳಿಗಾಲ ಐರ್ಲೆಂಡಿನಿಂದ ಮೋಯ್ರಾ ಎನ್ನುವವರು ಬಂದು ಎರಡು ತಿಂಗಳು ಇರುತ್ತಿದ್ದರು. ಐವತ್ತು ದಾಟಿದವರು, ಒಂಟಿ. ಅತ್ತೆಗೆ ಆ ಹೆಸರು ನಾಲಿಗೆಗೆ ಹತ್ತದೆ ಮೀರಾಬಾಯಿ ಎಂದರು, ಊರೆಲ್ಲ ಹಾಗೇ ಕರೆಯಿತು. ಐದು ವರ್ಷದಲ್ಲಿ ಅವರಿಗೆ ನಮ್ಮ ಮಾತೂ ಮುರುಕು ಮುರುಕಾಗಿ ಬಂತು. ರೊಟ್ಟಿ ಬಡಿಯಲು ಕೂತರೆ ಅತ್ತೆ ಬಿದ್ದು ಬಿದ್ದು ನಗುತ್ತಿದ್ದರು.

"ಮೀರಾಬಾಯಿ, ಇದಕ್ಕ ಎಷ್ಟು ಮೂಲಿ ಅದಾವ ಎಣಿಸ್ರಿ ಒಮ್ಮೆ. ರೊಟ್ಟಿ ಐತೋ, ಹೊಲದ ನಕಾಶಿ ಐತೋ!"

"ತಿನ್ನಾಕ ಬರ್ತದ, ಅಮ್ಮ," ಎಂದು ಅವರೂ ನಗುತ್ತಿದ್ದರು.

ಅವರ ಹತ್ತಿರ ಅಂಗೈಯಗಲದ ಒಂದು ಸಿ.ಡಿ. ಪ್ಲೇಯರ್ ಇತ್ತು. ಡಿಸ್ಕ್ ಮಾತ್ರ ಒಂದೇ ಒಂದು. ಮಧ್ಯಾಹ್ನವಾದರೆ ಬಂಡೆಯ ನೆರಳಿನಲ್ಲಿ ಕೂತು ಹೆಡ್‌ಫೋನನ್ನು ಕಿವಿಗೆ ಹಚ್ಚಿಕೊಳ್ಳುವರು. ಒಮ್ಮೆ ನನ್ನ ಕಿವಿಗೂ ಇಟ್ಟರು. ಕೊಳಲು! ಬೆಳಗಿನ ಹೊಳೆಯ ಮೇಲೆ ಗಾಳಿ ಬಂದಂಥ ಕೊಳಲು.

"ನನ್ನ ತಮ್ಮ," ಎಂದರು. "ತಮ್ಮ ಊದತಾನ."

"ಭಾಳ ಛಲೋ ಊದ್ಯಾರ್ರಿ. ಅವರನ್ನೂ ಒಮ್ಮೆ ಕರ್ಕೊಂಡ್ ಬರ್ರಿ ಮತ್ತ."

ಅವರು ಹೊಳೆಯ ಕಡೆ ನೋಡಿದರು. ನಾನೂ ಮತ್ತೆ ಕೇಳಲಿಲ್ಲ — ಕೇಳಿದ್ದರೆ…

ಆ ವರ್ಷ ಅವರು ಎಂಟು ದಿನಕ್ಕೆಂದು ಗೋಕರ್ಣಕ್ಕೆ ಹೊರಟರು. ಪ್ಲೇಯರನ್ನೂ ಡಿಸ್ಕನ್ನೂ ನನ್ನ ಕೈಗೆ ಕೊಟ್ಟು, "ಶಾಂತವ್ವ, ನಿಮ್ಮ ಟ್ರಂಕಿನಾಗ ಇಡ್ರಿ. ಇಲ್ಲಿ ಮಂಗ್ಯಾ ಒಯ್ತಾವ. ನೀವು ಕೇಳ್ರಿ, ಬೇಕಂದ್ರ," ಎಂದರು. ಯಾವ ಗುಂಡಿ ಒತ್ತಬೇಕೆಂದೂ ತೋರಿಸಿದರು. ನಿಲ್ಲಿಸುವುದು ಹೇಗೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮೂರನೆಯ ದಿನ. ಊಟ ಮುಗಿದಿತ್ತು. ಮೂರು ವರ್ಷದ ಮಗಳು ಭಾಗ್ಯಾ ಬೆಳಗಿನಿಂದ ಮೈ ಬೆಚ್ಚಗಾಗಿ ಚಾಪೆಯ ಮೇಲೆ ಮಲಗಿದ್ದಳು. ಮೊರದಲ್ಲಿ ಅಕ್ಕಿ ಹಾಕಿಕೊಂಡು, ಕೊಳಲು ಕೇಳುತ್ತ ಆರಿಸೋಣವೆಂದು ಗುಂಡಿ ಒತ್ತಿದೆ.

ಕೊಳಲು ಬಂತು. ಹಿಂದೆಯೇ ಪಿಟೀಲು. ಆಮೇಲೆ — ಒಮ್ಮೆಗೇ ಗುಡ್ಡ ಉರುಳಿದ ಹಾಗೆ ಬಡಿತ. ನೂರು ಹಲಗೆ ಒಟ್ಟಿಗೆ ಬಡಿದರೂ ಅಷ್ಟಾಗಲಿಕ್ಕಿಲ್ಲ. ಅದರ ಮೇಲೆ ಒಬ್ಬ ಗಂಡಸು ಗಂಟಲು ಹರಿಯುವಂತೆ ಗುಡುಗುತ್ತಿದ್ದ. ಹುಲಿಗಿಯಲ್ಲಿ ಹುಣ್ಣಿಮೆಯ ದಿನ ಮೈತುಂಬಿದವರ ಕೂಗು ಕೇಳಿದವಳು ನಾನು. ಅದಕ್ಕೆ ಹೆದರಿದ್ದಿಲ್ಲ, ಅದು ತಾಯಿಯದೆಂದು ಗೊತ್ತು. ಇದು ಯಾರದು? ಆ ಗುಡುಗಿನ ನಡುವೆ ಅದೇ ಕೊಳಲು ಮತ್ತೆ ಎದ್ದು ಬರುವುದು, ಮುಳುಗುವುದು. ಅದಕ್ಕಾಗಿಯೇ ಹೆಡ್‌ಫೋನ್ ತೆಗೆಯದೆ ಕೂತೆನೇನೋ. ಎಷ್ಟು ಹಾಡು ಆದವೋ ತಿಳಿಯದು. ಕೊನೆಗೆ ಎಲ್ಲ ನಿಂತಿತು. ಮುಗಿಯಿತೆಂದು ಕೈಯನ್ನು ಅಕ್ಕಿಯ ಕಡೆ ತಂದೆ. ಹೆಡ್‌ಫೋನ್ ಕಿವಿಯ ಮೇಲೆಯೇ ಇತ್ತು.

ಬಹಳ ಹೊತ್ತಿನ ಮೌನದ ನಂತರ, ಕಿವಿಯ ಒಳಗೇ ಬಾಯಿಟ್ಟಂತೆ ಯಾರೋ ಕರೆದರು. "ಮೋ…" ಎಂದು. ಮತ್ತೊಮ್ಮೆ, ಎಳೆದು. ಆಮೇಲೆ ನಕ್ಕರು.

ನಾನು ಚೀರಿದೆ. ಮೊರ ಬಿತ್ತು. ಭಾಗ್ಯಾ ಬೆಚ್ಚಿ ಎದ್ದು ಅಳತೊಡಗಿದಳು — ಮುಟ್ಟಿದರೆ ಮೈ ಕೆಂಡ. ಅತ್ತೆ ಓಡಿ ಬಂದರು.

"ಏನ್ ಕೇಳಿದಿಯವ್ವ?"

"ಒಳಗ ಯಾರೋ ಅದಾರ್ರಿ ಅತ್ತಿ… ಕರದ್ರು… ನಕ್ರು…"

ಅತ್ತೆ ಡಿಸ್ಕಿನ ಡಬ್ಬಿ ನೋಡಿದರು. ಮೇಲೆ ಕೊಂಬಿನ ತಲೆಬುರುಡೆಯ ಚಿತ್ರ. ಅವರು ಮತ್ತೇನೂ ಕೇಳಲಿಲ್ಲ. "ನಾಳಿ ಶುಕ್ರವಾರ. ಇದನ್ನ ಕೂಸಿಗೆ ನಿವಾಳಿಸಿ ಹುಲಿಗಿ ಹೊಳಿಗೆ ಬಿಡು. ತಿರುಗಿ ನೋಡಬ್ಯಾಡ."

ಬೇವಿನ ಎಲೆ, ನಿಂಬೆಹಣ್ಣು, ಡಿಸ್ಕು, ಡಬ್ಬಿ ಎಲ್ಲ ಕೆಂಪು ಬಟ್ಟೆಯಲ್ಲಿ ಕಟ್ಟಿದೆ. ಡಬ್ಬಿಯೊಳಗಿನ ಆ ಚಿತ್ರದ ಕಾಗದವನ್ನು ಮಾತ್ರ ತೆಗೆದಿಟ್ಟುಕೊಂಡೆ. ಅಚ್ಚಿನ ಅಕ್ಷರದ ಜೊತೆ ಪೆನ್ನಿನಲ್ಲಿ ಯಾರೋ ಬರೆದ ಎರಡು ಸಾಲೂ ಇದ್ದವು. ಬರೆದದ್ದೆಂದರೆ ಸರಸ್ವತಿ, ಅದನ್ನು ಎಸೆಯಬಾರದೆಂದು ತವರಿನಲ್ಲಿ ಕಲಿಸಿದ್ದರು. ಇನ್ನೊಬ್ಬರ ವಸ್ತುವನ್ನು ಎಸೆಯಬಾರದು ಎಂಬುದು ಮಾತ್ರ ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ.

ಕೂಸಿಗೆ ನಿವಾಳಿಸಿ, ಹುಲಿಗೆಮ್ಮನ ದರ್ಶನ ಮಾಡಿಸಿ, ಗಂಟನ್ನು ನೀರಿಗೆ ಬಿಟ್ಟು, ತಿರುಗಿ ನೋಡದೆ ಬಂದೆ. ಮರುದಿನ ಜ್ವರ ಬಿಟ್ಟಿತು. ಅದನ್ನು ನಾನು ಬೆರಳು ಮಡಚಿ ಎಣಿಸಿದೆ.

ಮೀರಾಬಾಯಿ ಬಂದರು. ಪ್ಲೇಯರ್ ಕೊಟ್ಟೆ. ತೆರೆದು ನೋಡಿ, ಡಿಸ್ಕ್ ಎಲ್ಲಿ ಎಂದು ಕಣ್ಣಲ್ಲೇ ಕೇಳಿದರು.

"ಮಂಗ್ಯಾ ಒಯ್ತರಿ. ಡಬ್ಬಿ ಸಮೇತ. ಬಿಸಲಿಗೆ ಹೊಳೀತಿತ್ತಲ್ಲ…"

ಸುಳ್ಳು ಎಷ್ಟು ಸಲೀಸಾಗಿ ಬಂತು! ಅವರು ಬಯ್ಯಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತರು. ಆಮೇಲೆ ಪದ ಪದ ಹುಡುಕಿ ಹೇಳಿದರು:

"ತಮ್ಮ ಸತ್ತಾನ. ಆ ಹಾಡು ಬ್ಯಾರೆ ಮಂದಿ ಕಡೆ ಅದಾವ. ಆದ್ರ ಕಡೀಗೆ… ನನ್ನ ಡಿಸ್ಕಿನಾಗ ಅಷ್ಟ… ಹಾಡು ಮುಗೀತದ, ಸುಮ್ನ ಇರ್ತದ, ಆಮ್ಯಾಲ ತಮ್ಮ ನನ್ನ ಕರೀತಾನ. ಮೋ ಅಂತ, ಮನಿ ಹೆಸರು. ನಗ್ತಾನ. ದಿನಾ ಅದಕ್ಕ ಕೂಡ್ತೀನಿ ನಾನು."

ದೆವ್ವವೆಂದು ನಾನು ಹೊಳೆಗೆ ಬಿಟ್ಟಿದ್ದು — ಅಕ್ಕನನ್ನು ಕರೆಯುವ ತಮ್ಮನ ದನಿಯನ್ನು.

ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. "ಹುಡುಕೋಣ ನಡೀರಿ," ಎಂಬ ಮಾತು ಬಂತು.

ಮೂರು ದಿನ ಹುಡುಕಿದೆವು. ಬಾಳೆಹಣ್ಣಿನ ಚಿಪ್ಪು ಹಿಡಿದು, ಸುಡುವ ಬಂಡೆ ಹತ್ತಿ ಇಳಿದು, ಕಂಡ ಕಂಡ ಮಂಗನ ಹಿಂದೆ ಆ ದೊಡ್ಡ ಹೆಂಗಸು ಏದುಸಿರು ಬಿಡುತ್ತ ನಡೆದರು. ಇಲ್ಲದ್ದನ್ನು ಹುಡುಕುತ್ತ ನಾನು ಅವರ ಕೈ ಹಿಡಿದು ನಡೆಸಿದೆ. ಎಡವಿ ಅವರ ಮೊಣಕಾಲು ತರಚಿತು, ಅರಿಸಿನ ಹಚ್ಚಿದೆ. "ನೀವು ಭಾಳ ಛಲೋ, ಶಾಂತವ್ವ," ಎಂದರು. ಎಸೆದದ್ದು ಹೆದರಿ. ಇದು ಹೆದರಿಕೆಯಲ್ಲ. ಇದಕ್ಕೆ ನನ್ನಲ್ಲಿ ಹೆಸರಿಲ್ಲ.

ಮುಂದಿನ ವರ್ಷ ಅವರು ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಹುಲಿಗಿಯ ನೀರು ನಮ್ಮ ಗಡ್ಡೆಯ ಮುಂದೆಯೇ ಹಾಯ್ದು ಹೋಗುತ್ತದೆ ಎಂಬುದು ಬಟ್ಟೆ ಒಗೆಯುತ್ತಿದ್ದಾಗ ಒಮ್ಮೆ ಹೊಳೆಯಿತು. ಅಂದಿನಿಂದ ಕೆಂಪು ಬಣ್ಣದ್ದೇನು ತೇಲಿ ಬಂದರೂ ಎದ್ದು ನಿಂತು ನೋಡುವವಳಾದೆ. ಗಡ್ಡೆಯ ಮೇಲಿನ ಕೋಣೆಗಳನ್ನು ಸರಕಾರ ಕೆಡವಿಸಿದ ಮೇಲೆ ಗಂಗಾವತಿಗೆ ಬಂದೆವು. ಆ ಕಾಗದ ದೇವರ ಜಗುಲಿಯ ಕೆಳಗಿನ ಡಬ್ಬಿಯಲ್ಲಿ ನನ್ನ ಜೊತೆಗೇ ಬಂತು.

ಹೋದ ತಿಂಗಳು ಜಗುಲಿ ಒರೆಸುವಾಗ ಅದು ಭಾಗ್ಯಾಳಿಗೆ ಸಿಕ್ಕಿತು. ಈಗ ಅವಳು ಡಿಗ್ರಿ ಓದುತ್ತಾಳೆ.

"ಅವ್ವಾ, ದೇವರ ಕೆಳಗ ತಲೆಬುರುಡೆ ಯಾಕ ಇಟ್ಟೀದಿ?" ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಎಲ್ಲ ಹೇಳಿದೆ.

ಅವಳು ಅಚ್ಚಿನ ಹೆಸರನ್ನು ಫೋನಿನಲ್ಲಿ ಹುಡುಕಿದಳು. ಸಿಕ್ಕಿಬಿಟ್ಟಿತು. "ಸೆಲ್ಟಿಕ್ ಫೋಕ್ ಮೆಟಲ್ ಅಂತಾರವ್ವ ಇದಕ್ಕ. ಅವರ ಹಳೀ ವಾದ್ಯಾನೂ ಐತಿ, ಈಗಿನ ಗದ್ದಲಾನೂ ಐತಿ." ಹಾಡು ಇದೆಯೆಂದರೆ ಕರೆಯೂ ಇರಬಹುದು. ಮೀರಾಬಾಯಿ ತಪ್ಪು ತಿಳಿದಿರಬಹುದು. ತಾಯಿ ಉಳಿಸಿರಬಹುದು — ಬೆರಳು ಆಗಲೇ ಮಡಚಿತ್ತು.

ಇಬ್ಬರೂ ಮೊದಲಿನಿಂದ ಕೇಳಿದೆವು. ಅದೇ ಕೊಳಲು, ಅದೇ ಗುಡುಗು. ಈ ಸಲ ಹೆದರಿಕೆಯಾಗಲಿಲ್ಲ. ಅಷ್ಟು ದೊಡ್ಡ ಗದ್ದಲದಲ್ಲಿ ಒಂದು ಕೊಳಲು ಸಾಯದೆ ಉಳಿಯುವುದನ್ನು ಕೇಳುತ್ತ ಕೂತೆ. ಕೊನೆಯ ಹಾಡು ನಿಂತಿತು. ನಾನು ಕೈ ಎತ್ತಿ, "ತಡಿ, ಬರ್ತೈತಿ," ಎಂದೆ.

ಕಾದೆವು.

"ಮುಗೀತವ್ವ," ಎಂದಳು ಭಾಗ್ಯಾ. "ಇಷ್ಟ ಐತಿ."

ಹಾಗಾದರೆ ಅದು ನಿಜವಾಗಿಯೂ ಒಂದೇ ಇತ್ತು. ನಾನು ಬಿಟ್ಟದ್ದೇ ಅದು.

ಆಮೇಲೆ ಅವಳು ಪೆನ್ನಿನ ಬರಹ ಓದಿ ಹೇಳಿದಳು: "ಅಕ್ಕನಿಗೆ. ಕೊನೆಯ ತನಕ ಕೇಳು." ಆ ತಮ್ಮನ ಕೈಬರಹ. ಅದನ್ನೂ ನಾನು ಇಷ್ಟು ವರ್ಷ ಅವರಿಂದ ಕಿತ್ತಿಟ್ಟುಕೊಂಡಿದ್ದೆ.

ಬಾಡಿಗೆಗೆ ಬಂದವರ ವಿಳಾಸ ಬರೆಸಿಕೊಳ್ಳುತ್ತಿದ್ದ ಹಳೆಯ ವಹಿ ನಮ್ಮವರ ಹತ್ತಿರ ಇತ್ತು. ಕೇಳಿದೆ, ಯಾಕೆಂದೂ ಹೇಳಿದೆ. ಅವರು, "ಮೂರು ದಿನ ಹುಡುಕಿದ್ರಲ್ಲ ನೀವು…" ಎಂದರು. ವಹಿ ತಂದು ಮುಂದಿಟ್ಟರು, ನನ್ನ ಮುಖ ನೋಡಲಿಲ್ಲ.

ಮೀರಾಬಾಯಿಯವರೇ, ನೀವು ಆ ವಿಳಾಸದಲ್ಲಿದ್ದೀರೋ, ಇದ್ದೀರೋ ಇಲ್ಲವೋ ತಿಳಿಯದು. ಭಾಗ್ಯಾ ಇದನ್ನು ನಿಮ್ಮ ಭಾಷೆಗೆ ಮಾಡಿ ಆ ಕಾಗದದ ಜೊತೆ ಕಳಿಸುತ್ತಾಳೆ. ಕ್ಷಮಿಸಿ ಎಂದು ಬರೆಯುವುದಿಲ್ಲ, ಕೇಳುವ ಬಾಯಿ ನನಗಿಲ್ಲ. ನಿಮ್ಮನ್ನು ಬಿಟ್ಟರೆ ಆ ದನಿ ಕೇಳಿದವಳು ಬಹುಶಃ ನಾನೊಬ್ಬಳೇ. ಆದ್ದರಿಂದ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯುತ್ತೇನೆ. ಮೊದಲ ಸಲ ಮೆಲ್ಲಗೆ, ನೀವು ಪಕ್ಕದಲ್ಲೇ ಇದ್ದೀರೆಂಬಂತೆ. ಎರಡನೆಯ ಸಲ ಎಳೆದು — ಹೊಲದ ಆ ಬದಿಗಿರುವವರನ್ನು ಊಟಕ್ಕೆ ಕೂಗುವಂತೆ. ಆಮೇಲೆ, ನೀವು ತಿರುಗಿ ನೋಡಿದಿರೆಂದು, ನಕ್ಕರು.